ಗೆದ್ದವರು ಉಳಿದರು, ಸೋತವರು ಹೋದರು

(ಆಟದ ಪಟ್ಟಿ ಓದುವ ಪಾಠ)

ಒಗಟಿನಂಥ ಒಂದು ಸುದ್ದಿ ಕೇಳಿರಿ.

2023ರ ಮಾರ್ಚ್ 7. ಅಮೆರಿಕದಲ್ಲಿ ಎರಡು ಸಣ್ಣ ಕಾಲೇಜುಗಳ ನಡುವೆ ಬಾಸ್ಕೆಟ್‌ಬಾಲ್ ಪಂದ್ಯ ನಡೆಯಿತು. ಅದು ಆ ವರ್ಷದ ಅಂತಿಮ ಪಂದ್ಯ. ಮೆರಿಮ್ಯಾಕ್ ಎಂಬ ಕಾಲೇಜು 67 ಅಂಕ ಪಡೆಯಿತು. ಫೇರ್ಲಿ ಡಿಕಿನ್ಸನ್ ಎಂಬ ಕಾಲೇಜು 66 ಅಂಕ ಪಡೆಯಿತು. ಒಂದೇ ಒಂದು ಅಂಕದಿಂದ ಮೆರಿಮ್ಯಾಕ್ ಗೆದ್ದಿತು. ಆದರೆ ಮುಂದಿನ ದೊಡ್ಡ ಪಂದ್ಯಾಟಕ್ಕೆ ಯಾರು ಹೋದರು? ಸೋತ ಫೇರ್ಲಿ ಡಿಕಿನ್ಸನ್ ಹುಡುಗರು ಹೋದರು. ಗೆದ್ದ ಹುಡುಗರು ಮನೆಯಲ್ಲಿ ಉಳಿದರು.

ಇದು ಹ್ಯಾಂಗ ಆಯಿತು? ಯಾರೂ ಮೋಸ ಮಾಡಲಿಲ್ಲ. ಆಟ ಶುರುವಾಗುವ ಮೊದಲೇ ಎರಡೂ ಕಡೆಯವರಿಗೆ ಈ ವಿಷಯ ಗೊತ್ತಿತ್ತು. ನೋಡಲು ಬಂದ ಜನರಿಗೂ ಗೊತ್ತಿತ್ತು. ಅವರು ಪಟ್ಟಿಯನ್ನೂ ಓದಿದ್ದರು, ನಿಯಮವನ್ನೂ ಓದಿದ್ದರು. ನಾವೂ ಈಗ ಅವೆರಡನ್ನೂ ಓದೋಣ.

ಮೊದಲು ಆಟದ ಬಗ್ಗೆ ಎರಡು ಮಾತು. ಬಾಸ್ಕೆಟ್ ಅಂದರೆ ಬುಟ್ಟಿ. 1891ರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ಈ ಆಟ ಕಂಡುಹಿಡಿದರು. ಹಣ್ಣು ತುಂಬುವ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ, ಅದರೊಳಗೆ ಚೆಂಡು ಎಸೆಯಿರಿ ಅಂದರು. ಈಗ ಬುಟ್ಟಿಯ ಬದಲು ಕಬ್ಬಿಣದ ಬಳೆ ಇರುತ್ತದೆ. ಅದು ನೆಲದಿಂದ 10 ಅಡಿ ಮೇಲೆ ಇರುತ್ತದೆ. ಒಂದೊಂದು ಕಡೆ 5 ಜನ ಆಡುತ್ತಾರೆ. ಎತ್ತರದವರಿಗೆ ಈ ಆಟದಲ್ಲಿ ಅನುಕೂಲ ಹೆಚ್ಚು. ಈ ಮಾತು ನೆನಪಿಡಿರಿ, ಮುಂದೆ ಬೇಕಾಗುತ್ತದೆ.

ಕಾನ್ಫರೆನ್ಸ್ ಅಂದರೇನು?

ಅಮೆರಿಕದಲ್ಲಿ ಕಾಲೇಜುಗಳು ಕೂಟ ಕಟ್ಟಿಕೊಂಡು ಆಡುತ್ತವೆ. ಆ ಕೂಟಕ್ಕೆ ಕಾನ್ಫರೆನ್ಸ್ ಅನ್ನುತ್ತಾರೆ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಸೇರಿದ ಶ್ರೀಮಂತ ಕೂಟಗಳು ಇವೆ. ಸಣ್ಣ ಕಾಲೇಜುಗಳು ಸೇರಿದ ಬಡ ಕೂಟಗಳೂ ಇವೆ. ನಮ್ಮ ಕಥೆಯ ಕೂಟದ ಹೆಸರು ನಾರ್ತ್‌ಈಸ್ಟ್ ಕಾನ್ಫರೆನ್ಸ್. ಅಂದರೆ ಈಶಾನ್ಯ ಕೂಟ. 2022-23ರಲ್ಲಿ ಇದರಲ್ಲಿ 9 ಕಾಲೇಜುಗಳು ಇದ್ದವು. ನ್ಯೂಯಾರ್ಕ್ ನಗರ, ಅದರ ಪಕ್ಕದ ನ್ಯೂಜೆರ್ಸಿ, ಸ್ವಲ್ಪ ದೂರದ ಮ್ಯಾಸಚೂಸೆಟ್ಸ್, ಪೆನ್ಸಿಲ್ವೇನಿಯಾ ಮುಂತಾದ ರಾಜ್ಯಗಳ ಕಾಲೇಜುಗಳು ಇವು.

ಆಟದ ಕಾಲ ನವೆಂಬರಿನಲ್ಲಿ ಶುರುವಾಗುತ್ತದೆ. ಮೊದಲ ಎರಡು ತಿಂಗಳು ಬೇರೆ ಕೂಟದವರ ಜೊತೆ ಆಟ. ದೊಡ್ಡ ವಿಶ್ವವಿದ್ಯಾಲಯಗಳು ಸಣ್ಣ ಕಾಲೇಜುಗಳನ್ನು ತಮ್ಮ ಊರಿಗೆ ಹಣ ಕೊಟ್ಟು ಕರೆಸುತ್ತವೆ. ಸಣ್ಣವರು ಹೋಗುತ್ತಾರೆ, ಬಹಳ ಸಲ ಸೋಲುತ್ತಾರೆ, ಹಣ ತರುತ್ತಾರೆ. ಆ ಹಣದಿಂದ ಕಾಲೇಜಿನ ಆಟದ ಖರ್ಚು ಸಾಗುತ್ತದೆ. ಅಭಿಮಾನಿಗಳಿಗೆ ಈ ಸೋಲಿನಿಂದ ಅಷ್ಟು ದುಃಖವಿಲ್ಲ. ಅವರು ಕಾಯುವುದು ಹೊಸ ವರ್ಷಕ್ಕೆ. ಆಗ ಕೂಟದೊಳಗಿನ ಆಟ ಜೋರಾಗುತ್ತದೆ. ಆ ವರ್ಷ ಪ್ರತಿಯೊಂದು ಕಾಲೇಜು ಉಳಿದ 8 ಕಾಲೇಜುಗಳ ಜೊತೆ ಎರಡೆರಡು ಸಲ ಆಡಬೇಕಿತ್ತು. ಒಂದು ಸಲ ತನ್ನ ಊರಲ್ಲಿ, ಒಂದು ಸಲ ಅವರ ಊರಲ್ಲಿ. ಎಂಟೆರಡ್ಲೆ ಹದಿನಾರು. ಹೀಗೆ ಒಬ್ಬೊಬ್ಬರಿಗೆ 16 ಪಂದ್ಯ.

ಪಟ್ಟಿ ಓದೋಣ

ಫೆಬ್ರವರಿ ಮುಗಿದಾಗ ಪಟ್ಟಿಯ ಕೆಲವು ಸಾಲುಗಳು ಹೀಗಿದ್ದವು:

ಕಾಲೇಜು: ಆಡಿದ್ದು, ಗೆದ್ದದ್ದು, ಸೋತದ್ದು
ಮೆರಿಮ್ಯಾಕ್: 16, 12, 4
ಫೇರ್ಲಿ ಡಿಕಿನ್ಸನ್: 16, 10, 6
ಸ್ಟೋನ್‌ಹಿಲ್: 16, 10, 6
ಸೇಂಟ್ ಫ್ರಾನ್ಸಿಸ್ (ಪೆನ್ಸಿಲ್ವೇನಿಯಾ): 16, 9, 7
ಲಾಂಗ್ ಐಲ್ಯಾಂಡ್: 16, 1, 15

ಬೆರಳಿಟ್ಟು ಒಂದೊಂದೇ ಸಾಲು ಓದಿರಿ. ಗೆದ್ದದ್ದು ಮತ್ತು ಸೋತದ್ದು ಕೂಡಿಸಿದರೆ ಆಡಿದ್ದು ಬರಬೇಕು. ಬಾರದಿದ್ದರೆ ಪಟ್ಟಿ ಬರೆದವರು ತಪ್ಪಿದ್ದಾರೆ ಅಂತ ಅರ್ಥ. ರೇಷನ್ ಕಾರ್ಡಿನ ಲೆಕ್ಕ ಇರಲಿ, ಹಾಲಿನ ಡೈರಿಯ ಲೆಕ್ಕ ಇರಲಿ, ಹೀಗೆ ಕೂಡಿಸಿ ನೋಡುವುದು ಒಳ್ಳೆಯದು.

ನಾಲ್ಕನೆಯ ಸಾಲಿನಲ್ಲಿ ಕಂಸದೊಳಗೆ ರಾಜ್ಯದ ಹೆಸರು ಇದೆ. ಯಾಕೆ? ಆ ಕೂಟದಲ್ಲಿ ಎರಡು ಸೇಂಟ್ ಫ್ರಾನ್ಸಿಸ್ ಇದ್ದವು. ಒಂದು ಪೆನ್ಸಿಲ್ವೇನಿಯಾದ್ದು, ಇನ್ನೊಂದು ನ್ಯೂಯಾರ್ಕ್ ನಗರದ ಬ್ರೂಕ್ಲಿನ್ನಿನದು. ಕಂಸದ ಮಾತು ಬಿಟ್ಟು ಓದಿದರೆ ಒಬ್ಬರ ಗೆಲುವು ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆ ನೋಡ್ರಿ.

ಅಭಿಮಾನಿಗಳು ಇನ್ನೊಂದು ಲೆಕ್ಕ ಹಾಕುತ್ತಾರೆ. ಮೊದಲನೆಯವರಿಗಿಂತ ನಮ್ಮವರು ಎಷ್ಟು ಪಂದ್ಯ ಹಿಂದೆ? ಮೆರಿಮ್ಯಾಕ್ 12 ಗೆದ್ದಿದೆ, ಫೇರ್ಲಿ ಡಿಕಿನ್ಸನ್ 10 ಗೆದ್ದಿದೆ. ವ್ಯತ್ಯಾಸ 2. ಸೋಲಿನಲ್ಲಿ ಒಬ್ಬರದು 4, ಇನ್ನೊಬ್ಬರದು 6. ವ್ಯತ್ಯಾಸ 2. ಎರಡನ್ನೂ ಕೂಡಿಸಿದರೆ 4. ಅದರ ಅರ್ಧ 2. ಅಂದರೆ ಫೇರ್ಲಿ ಡಿಕಿನ್ಸನ್ 2 ಪಂದ್ಯ ಹಿಂದೆ ಇತ್ತು. ಜನವರಿ, ಫೆಬ್ರವರಿಯ ರಾತ್ರಿಗಳಲ್ಲಿ ಅವರು ತಮ್ಮ ಕಾಲೇಜಿನ ಆಟ ಮಾತ್ರ ನೋಡುವುದಿಲ್ಲ. ಬೇರೆ ನಾಲ್ಕು ಊರುಗಳಲ್ಲಿ ಏನಾಯಿತು ಅಂತಲೂ ಕೇಳುತ್ತಾರೆ. ಯಾಕಂದ್ರೆ ಮುಂದಿನವರು ಸೋತರೆ, ಇವರು ಆಡದೆಯೇ ಅರ್ಧ ಪಂದ್ಯ ಹತ್ತಿರ ಬರುತ್ತಾರೆ.

ಒಂದೇ ಬಾಗಿಲು

ಇಷ್ಟು ಲೆಕ್ಕ ಯಾಕೆ ಬೇಕು? ಮಾರ್ಚ್ ತಿಂಗಳಲ್ಲಿ ಇಡೀ ದೇಶದ ದೊಡ್ಡ ಪಂದ್ಯಾಟ ನಡೆಯುತ್ತದೆ. ಕಾಲೇಜು ಆಟಗಳ ದೊಡ್ಡ ಸಂಸ್ಥೆ ಅದನ್ನು ನಡೆಸುತ್ತದೆ. ಅದರ ಹೆಸರು ಎನ್‌ಸಿಎಎ. 2023ರಲ್ಲಿ ಮೇಲಿನ ದರ್ಜೆಯ ಪುರುಷರ ತಂಡಗಳು 363 ಇದ್ದವು. ಪಂದ್ಯಾಟದಲ್ಲಿ ಜಾಗ ಇದ್ದದ್ದು 68 ತಂಡಗಳಿಗೆ. ಆ ವರ್ಷ 32 ಕೂಟಗಳಿಂದ ಒಂದೊಂದು ತಂಡ ನೇರವಾಗಿ ಬಂತು. ಉಳಿದ 36 ಜಾಗಗಳನ್ನು ಒಂದು ಸಮಿತಿ ತುಂಬಿತು. ಆ ಜಾಗಗಳು ಹೆಚ್ಚಾಗಿ ಶ್ರೀಮಂತ ಕೂಟಗಳಿಗೇ ಹೋಗುತ್ತವೆ. ಆ ವರ್ಷ ಬಿಗ್ ಟೆನ್ ಎಂಬ ಒಂದೇ ಕೂಟದಿಂದ 8 ತಂಡಗಳು ಹೋದವು. ನಮ್ಮ ಈಶಾನ್ಯ ಕೂಟದಿಂದ ಹೋದದ್ದು ಒಂದು.

ಆ ಒಂದು ತಂಡ ಯಾವುದು? ಪಟ್ಟಿಯಲ್ಲಿ ಮೊದಲು ಬಂದವರು ಅಂತ ನೀವು ಅನ್ನಬಹುದು. ಅಲ್ಲ! ಪಟ್ಟಿ ಮುಗಿದ ಮೇಲೆ ಕೂಟದೊಳಗೆ ಮತ್ತೊಂದು ಸಣ್ಣ ಪಂದ್ಯಾಟ ನಡೆಯುತ್ತದೆ. ಸೋತವರು ಹೊರಗೆ. ಅದರಲ್ಲಿ ಕೊನೆಗೆ ಗೆದ್ದವರಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಎರಡು ತಿಂಗಳು ದುಡಿದು ಮೊದಲ ಸ್ಥಾನ ಗಳಿಸಿದವರು ಒಂದು ರಾತ್ರಿ ಎಡವಿದರೆ ಮುಗಿಯಿತು. ಪಟ್ಟಿಯಲ್ಲಿ ಮೇಲಿದ್ದವರಿಗೆ ಒಂದು ಲಾಭ ಉಂಟು. ಪಂದ್ಯ ಅವರ ಊರಲ್ಲೇ ನಡೆಯುತ್ತದೆ. ಅಷ್ಟೇ. ನನಗೆ ಇದು ಸ್ವಲ್ಪ ಕಟುವಾದ ನಿಯಮ ಅನಿಸುತ್ತದೆ. ಆದರೆ ಕೊನೆಯ ಸಾಲಿನ ತಂಡದ ಅಭಿಮಾನಿ ಕೂಡ ಮಾರ್ಚ್‌ವರೆಗೆ ಆಸೆ ಬಿಡದೆ ಕೂತಿರುವುದಕ್ಕೆ ಈ ನಿಯಮವೇ ಕಾರಣ.

ಈಗ ಒಗಟು ಬಿಡಿಸೋಣ. ಮೆರಿಮ್ಯಾಕ್ 2019ರಲ್ಲಿ ಕೆಳಗಿನ ದರ್ಜೆಯಿಂದ ಮೇಲಿನ ದರ್ಜೆಗೆ ಬಂದ ಕಾಲೇಜು. ಹೊಸದಾಗಿ ಬಂದವರು ನಾಲ್ಕು ವರ್ಷ ದೊಡ್ಡ ಪಂದ್ಯಾಟಕ್ಕೆ ಹೋಗುವ ಹಾಗಿಲ್ಲ. ಇದು ಆಗಿನ ನಿಯಮ. 2022-23 ಅವರ ನಾಲ್ಕನೆಯ ವರ್ಷ. ಅದೇ ಕೊನೆಯ ವರ್ಷ. ಹೀಗಾಗಿ ಅವರು ಅಂತಿಮ ಪಂದ್ಯ ಗೆದ್ದರೂ ಜಾಗ ಎದುರಾಳಿಗೆ ಹೋಯಿತು. ಮೆರಿಮ್ಯಾಕ್ ಹುಡುಗರು ತಮಗೆ ಸಿಗದು ಅಂತ ತಿಳಿದೂ ಆಡಿದರು, ಆಡಿ ಗೆದ್ದರು. ಮರುವರ್ಷ, 2024ರಲ್ಲಿ, ಅವರಿಗೆ ಹೋಗುವ ಹಕ್ಕು ಬಂತು. ಮತ್ತೆ ಅಂತಿಮ ಪಂದ್ಯಕ್ಕೆ ಬಂದರು, ಮತ್ತೆ ತಮ್ಮ ಊರಲ್ಲೇ ಆಡಿದರು. ಏನಾಯಿತು? ವ್ಯಾಗ್ನರ್ ಎಂಬ ಕಾಲೇಜು 54, ಮೆರಿಮ್ಯಾಕ್ 47. ಹಕ್ಕು ಇಲ್ಲದಾಗ ಗೆದ್ದರು, ಹಕ್ಕು ಬಂದಾಗ ಸೋತರು.

ಗಿಡ್ಡರ ತಂಡ

ಫೇರ್ಲಿ ಡಿಕಿನ್ಸನ್ ಹಿಂದಿನ ವರ್ಷ ಬರೀ 4 ಪಂದ್ಯ ಗೆದ್ದು 22 ಸೋತಿತ್ತು. ಹೊಸ ಕೋಚ್ ಟೋಬಿನ್ ಆಂಡರ್ಸನ್ ಬಂದರು. ಕೆಳಗಿನ ದರ್ಜೆಯ ತಮ್ಮ ಹಳೆಯ ಕಾಲೇಜಿನಿಂದ ಮೂವರು ಆಟಗಾರರನ್ನು ಕರೆತಂದರು. ಅವರಲ್ಲಿ ಡಿಮೀಟ್ರಿ ರಾಬರ್ಟ್ಸ್ 5 ಅಡಿ 8 ಇಂಚು. ಆ ವರ್ಷ ಮೇಲಿನ ದರ್ಜೆಯ ಎಲ್ಲ ತಂಡಗಳಲ್ಲಿ ಅತಿ ಗಿಡ್ಡ ತಂಡ ಇದೇ.

ಸೋತು ಬಂದರೂ ದೊಡ್ಡ ಪಂದ್ಯಾಟದಲ್ಲಿ ಇವರು ಮಾರ್ಚ್ 15ರಂದು ಟೆಕ್ಸಾಸ್ ಸದರ್ನ್ ತಂಡವನ್ನು 84-61ರಿಂದ ಸೋಲಿಸಿದರು. ಎರಡೇ ದಿನಕ್ಕೆ, ಮಾರ್ಚ್ 17ರಂದು, ಕೊಲಂಬಸ್ ನಗರದಲ್ಲಿ ಪರ್ಡೂ ವಿಶ್ವವಿದ್ಯಾಲಯದ ಎದುರು ನಿಂತರು. ಪರ್ಡೂ ಬಿಗ್ ಟೆನ್ ಕೂಟದ ವಿಜೇತ ತಂಡ. ಅವರಲ್ಲಿ ಜ್ಯಾಕ್ ಈಡಿ ಎಂಬ ಆಟಗಾರ. ಎತ್ತರ 7 ಅಡಿ 4 ಇಂಚು! ಪಂದ್ಯಾಟದ ನಾಲ್ಕು ಭಾಗಗಳಲ್ಲಿ ಒಂದೊಂದರಲ್ಲೂ ತಂಡಗಳಿಗೆ 1ರಿಂದ 16ರವರೆಗೆ ಅಂಕಿ ಕೊಡುತ್ತಾರೆ. 1 ಅಂದರೆ ಬಲಿಷ್ಠ, 16 ಅಂದರೆ ದುರ್ಬಲ. ಪರ್ಡೂ 1, ಇವರು 16. ಪುರುಷರ ಆಟದಲ್ಲಿ 1985ರಿಂದ 2017ರವರೆಗೆ 16ನೆಯವರು 1ನೆಯವರ ಜೊತೆ 132 ಸಲ ಆಡಿ 132 ಸಲವೂ ಸೋತಿದ್ದರು. 2018ರಲ್ಲಿ ಮೊದಲ ಸಲ ಮೇರಿಲ್ಯಾಂಡಿನ ಒಂದು ತಂಡ ಗೆದ್ದಿತ್ತು. (ಹೆಣ್ಣುಮಕ್ಕಳು ಇದನ್ನು 1998ರಲ್ಲೇ ಮಾಡಿ ತೋರಿಸಿದ್ದರು. ಹಾರ್ವರ್ಡ್ ತಂಡದವರು ಸ್ಟ್ಯಾನ್‌ಫರ್ಡ್ ತಂಡವನ್ನು ಸೋಲಿಸಿದ್ದರು.)

ಫೇರ್ಲಿ ಡಿಕಿನ್ಸನ್ ಹುಡುಗರು ಈಡಿಯ ಮುಂದೆ ಒಬ್ಬ, ಹಿಂದೆ ಒಬ್ಬ ನಿಂತರು. ಚೆಂಡು ಅವನ ಕೈಗೆ ಸುಲಭವಾಗಿ ಹೋಗದಂತೆ ತಡೆದರು. ಮೈದಾನದ ತುಂಬ ಓಡಿ ಓಡಿ ಎದುರಾಳಿಗಳಿಗೆ ಉಸಿರು ಬಿಡಲು ಬಿಡಲಿಲ್ಲ. ಪರ್ಡೂ ದೂರದಿಂದ ಎಸೆದ ಚೆಂಡುಗಳು ಬಹುಪಾಲು ತಪ್ಪಿದವು. ಕೊಲಂಬಸ್ಸಿನವನೇ ಆದ ಶಾನ್ ಮೂರ್ 19 ಅಂಕ ಗಳಿಸಿದ. ಫೇರ್ಲಿ ಡಿಕಿನ್ಸನ್ 63, ಪರ್ಡೂ 58.

ಮಾರ್ಚ್ 19ರಂದು ಅವರು ಫ್ಲಾರಿಡಾ ಅಟ್ಲಾಂಟಿಕ್ ತಂಡಕ್ಕೆ 78-70ರಿಂದ ಸೋತರು. ಮಾರ್ಚ್ 21ರಂದು ಕೋಚ್ ಆಂಡರ್ಸನ್ ಬೇರೆ ಕೂಟದ ಅಯೋನಾ ವಿಶ್ವವಿದ್ಯಾಲಯಕ್ಕೆ ಹೋದರು. ಸಣ್ಣ ಕಾಲೇಜಿನಲ್ಲಿ ಹೀಗೆಯೇ. ಸೋತರೆ ಕೋಚನ್ನು ಕಳಿಸುತ್ತಾರೆ, ಗೆದ್ದರೆ ಕೋಚೇ ಹೋಗುತ್ತಾರೆ.

ಬ್ರೂಕ್ಲಿನ್ನಿನ ಅಭಿಮಾನಿಗಳು

19ಕ್ಕೂ 21ಕ್ಕೂ ನಡುವೆ ಒಂದು ದಿನ ಇದೆ. ಮಾರ್ಚ್ 20. ಅಂದು ಅದೇ ಕೂಟದ ಬ್ರೂಕ್ಲಿನ್ನಿನ ಸೇಂಟ್ ಫ್ರಾನ್ಸಿಸ್ ಕಾಲೇಜು ಒಂದು ಪ್ರಕಟಣೆ ಹೊರಡಿಸಿತು. ಖರ್ಚು ಏರಿದೆ, ವಿದ್ಯಾರ್ಥಿಗಳು ಕಡಿಮೆಯಾಗಿದ್ದಾರೆ, ಈ ಅವಧಿ ಮುಗಿದ ಮೇಲೆ ಎಲ್ಲ ಆಟಗಳ ತಂಡಗಳನ್ನೂ ನಿಲ್ಲಿಸುತ್ತೇವೆ ಅಂತ ಅದರಲ್ಲಿ ಇತ್ತು.

ಈ ಕಾಲೇಜಿನ ಅಭಿಮಾನಿಗಳ ಕಥೆಯೇ ಬೇರೆ. ದೇಶದ ದೊಡ್ಡ ಪಂದ್ಯಾಟ ಶುರುವಾದದ್ದು 1939ರಲ್ಲಿ. ಸೇಂಟ್ ಫ್ರಾನ್ಸಿಸ್ಸಿನ ಪುರುಷರ ತಂಡ ಒಮ್ಮೆಯೂ ಅಲ್ಲಿಗೆ ಹೋಗಲಿಲ್ಲ. 2015ರಲ್ಲಿ ಬಹಳ ಹತ್ತಿರ ಬಂದಿತ್ತು. ಪಟ್ಟಿಯಲ್ಲಿ ಮೊದಲ ಸ್ಥಾನ. ಅಂತಿಮ ಪಂದ್ಯ ತಮ್ಮ ಮನೆಯಲ್ಲೇ. ರಾಬರ್ಟ್ ಮೋರಿಸ್ ಎಂಬ ಕಾಲೇಜಿಗೆ 66-63ರಿಂದ ಸೋತರು. ಮೂರೇ ಅಂಕ! ಅದೇ ತಿಂಗಳು ಅದೇ ಕಾಲೇಜಿನ ಹುಡುಗಿಯರ ತಂಡ ಕೂಟವನ್ನು ಗೆದ್ದು ದೊಡ್ಡ ಪಂದ್ಯಾಟಕ್ಕೆ ಹೋಯಿತು.

ಬ್ರೂಕ್ಲಿನ್ನಿನಲ್ಲೇ ಲಾಂಗ್ ಐಲ್ಯಾಂಡ್ ವಿಶ್ವವಿದ್ಯಾಲಯವೂ ಇದೆ. ಎರಡಕ್ಕೂ ಹಳೆಯ ಪೈಪೋಟಿ. ಅವರಿಬ್ಬರ ಪಂದ್ಯಕ್ಕೆ ಜನ 'ಬ್ರೂಕ್ಲಿನ್ ಕದನ' ಅಂತ ಹೆಸರಿಟ್ಟಿದ್ದರು. ಕೊನೆಯ ವರ್ಷ ಸೇಂಟ್ ಫ್ರಾನ್ಸಿಸ್ ಹೊಸ ಕಟ್ಟಡಕ್ಕೆ ಹೋಗಿತ್ತು, ಅಲ್ಲಿ ಆಟದ ಅಂಗಳ ಇರಲಿಲ್ಲ. ಪ್ರ್ಯಾಟ್ ಎಂಬ ಬೇರೆ ಸಂಸ್ಥೆಯ ಅಂಗಳದಲ್ಲಿ ಆಡಿದರು. ಅಲ್ಲಿಗೂ ಅವರ ಜನ ಬಂದರು. ಮರುವರ್ಷದ ಪಟ್ಟಿಯಲ್ಲಿ ಆ ಕಾಲೇಜಿನ ಸಾಲು ಇರಲಿಲ್ಲ.

ಲೆಕ್ಕ ಮಾಡಿರಿ, ಬರೆಯಿರಿ

1. ಪಟ್ಟಿಯ ನಾಲ್ಕನೆಯ ಸಾಲು ನೋಡಿರಿ. ಸೇಂಟ್ ಫ್ರಾನ್ಸಿಸ್ (ಪೆನ್ಸಿಲ್ವೇನಿಯಾ) ಮೆರಿಮ್ಯಾಕ್‌ಗಿಂತ ಎಷ್ಟು ಪಂದ್ಯ ಹಿಂದೆ ಇತ್ತು?

2. ಸ್ಟೋನ್‌ಹಿಲ್ ಕೂಡ ಫೇರ್ಲಿ ಡಿಕಿನ್ಸನ್‌ನಷ್ಟೇ ಗೆದ್ದಿತ್ತು. ಅದು 2022ರಲ್ಲಿ ಮೇಲಿನ ದರ್ಜೆಗೆ ಬಂದ ಕಾಲೇಜು. ಅದಕ್ಕೆ ದೊಡ್ಡ ಪಂದ್ಯಾಟಕ್ಕೆ ಹೋಗುವ ಹಕ್ಕು ಇತ್ತೇ? ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಿರಿ.

3. 9 ಕಾಲೇಜುಗಳ ಬದಲು 8 ಕಾಲೇಜುಗಳು ಇದ್ದರೆ ಒಬ್ಬೊಬ್ಬರಿಗೆ ಎಷ್ಟು ಪಂದ್ಯ?

4. ನಿಮ್ಮ ಊರಲ್ಲಿ ಕಬಡ್ಡಿ ಅಥವಾ ವಾಲಿಬಾಲ್ ಪಂದ್ಯ ನಡೆದಾಗ ನೀವೇ ಒಂದು ಪಟ್ಟಿ ಬರೆಯಿರಿ. ಒಂದೇ ಹೆಸರಿನ ಎರಡು ತಂಡ ಇದ್ದರೆ ಓಣಿಯ ಹೆಸರನ್ನು ಕಂಸದಲ್ಲಿ ಹಾಕಿರಿ.