ತಿಂಗಳು ನೋಡಿ ಕಡಲು ಆರಿಸಿ

ನಮ್ಮ ಕುಟುಂಬದಲ್ಲಿ ಎಲ್ಲರಿಗೂ ಒಟ್ಟಿಗೆ ರಜೆ ಸಿಗುವುದಿಲ್ಲ. ಪೀಣ್ಯದಲ್ಲಿ ಬಿಡಿಭಾಗಗಳ ವರ್ಕ್‌ಶಾಪ್ ನಡೆಸುವ ಭಾವನವರಿಗೆ ಬಿಡುವೆಂದರೆ ಆಯುಧಪೂಜೆ. ಲೇತ್‌ಗಳಿಗೆ ಅರಿಸಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು ಶಟರ್ ಎಳೆದ ಮೇಲೆ ಅವರು ಊರು ಬಿಡಬಹುದು. ವೈಟ್‌ಫೀಲ್ಡ್‌ನಲ್ಲಿರುವ ತಂಗಿಗೆ ಅಮೆರಿಕದ ಕ್ಲೈಂಟ್ ರಜೆ ಹೋದರೆ ಮಾತ್ರ ರಜೆ, ಅಂದರೆ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುವ ನನ್ನ ರಜೆ ಮಕ್ಕಳ ಶಾಲೆಯನ್ನು ನಂಬಿಕೊಂಡಿದೆ, ಹಾಗಾಗಿ ಏಪ್ರಿಲ್ ಮತ್ತು ಮೇ. ಇಷ್ಟು ವರ್ಷಗಳಲ್ಲಿ ನಾವು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜೊತೆಗಾರರೊಂದಿಗೆ ಶ್ರೀಲಂಕಾದ ಕಡಲತೀರಕ್ಕೆ ಹೋಗಿ ಬಂದಿದ್ದೇವೆ. ಈಗ ಸಹೋದ್ಯೋಗಿಗಳು, ಅಪಾರ್ಟ್‌ಮೆಂಟಿನ ನೆರೆಯವರು ಸಲಹೆ ಕೇಳಿದರೆ ನಾನು ಮೊದಲು ಕೇಳುವುದು ಬಜೆಟ್ ಅಲ್ಲ, ರಜೆ ಯಾವ ತಿಂಗಳು ಎಂದು.

ಆ ಪುಟ್ಟ ದ್ವೀಪಕ್ಕೆ ಎರಡು ಮಳೆಗಾಲ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಕೊಲಂಬೊ, ಗಾಲೆ, ಮಿರಿಸ್ಸಾ ಇರುವ ಪಶ್ಚಿಮ ಮತ್ತು ದಕ್ಷಿಣ ತೀರಕ್ಕೆ ಬಡಿಯುತ್ತದೆ. ನಮ್ಮ ಮಂಗಳೂರು, ಕಾರವಾರಕ್ಕೆ ಮಳೆ ತರುವುದೂ ಅದೇ ಗಾಳಿ. ಮಧ್ಯದ ಬೆಟ್ಟಗಳು ಆ ಮೋಡಗಳನ್ನು ತಡೆಯುವುದರಿಂದ ಅದೇ ಹೊತ್ತಿನಲ್ಲಿ ಪೂರ್ವದ ತ್ರಿಂಕೋಮಲಿ ಕಡೆ ಬಿಸಿಲು ಕಾಯುತ್ತಿರುತ್ತದೆ, ಕಡಲು ಶಾಂತವಾಗಿರುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಈಶಾನ್ಯ ಮಾರುತ ಬೀಸಿದಾಗ ಇದು ತಿರುಗುಮುರುಗು: ಪೂರ್ವದಲ್ಲಿ ಮಳೆ, ದಕ್ಷಿಣದಲ್ಲಿ ನೀಲಿ ಆಕಾಶ. ಜುಲೈನಲ್ಲಿ ಮಿರಿಸ್ಸಾದ ಹೋಟೆಲ್ ಅರ್ಧ ಬೆಲೆಗೆ ಸಿಗುತ್ತದೆಂದು ಯಾರಾದರೂ ಆಸೆ ತೋರಿಸಿದರೆ ಕಾರಣ ಇಷ್ಟೇ. ಕೆಂಪು ಬಾವುಟ ಹಾರುವ ತೀರದಲ್ಲಿ ಕೋಣೆಯ ಕಿಟಕಿಯಿಂದ ಅಲೆ ನೋಡುತ್ತ ಕೂರಬೇಕು.

ಹಾಗಾಗಿ ತಂಗಿಯಂತೆ ಡಿಸೆಂಬರ್ ರಜೆಯವರಿಗೆ ದಕ್ಷಿಣ ತೀರ. ಬೆಂಗಳೂರಿನಿಂದ ಕೊಲಂಬೊಗೆ ಹಾರಾಟ ಸುಮಾರು ಒಂದೂವರೆ ಗಂಟೆಯದು. ಎಲೆಕ್ಟ್ರಾನಿಕ್ ಸಿಟಿಯಿಂದ ದೇವನಹಳ್ಳಿಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದುಂಟು. ನಮ್ಮ ಹಳದಿ ಮಾರ್ಗದ ಮೆಟ್ರೊ 2025ರ ಆಗಸ್ಟ್‌ನಲ್ಲಿ ಶುರುವಾಯಿತಾದರೂ ವಿಮಾನ ನಿಲ್ದಾಣದ ತನಕ ಹೋಗುವುದಿಲ್ಲ. ವಾಯುವಜ್ರ ಬಸ್ಸಿಗೋ ಟ್ಯಾಕ್ಸಿಗೋ ಧಾರಾಳವಾಗಿ ಸಮಯ ಇಟ್ಟುಕೊಂಡು ಹೊರಡಿ.

ಕೊಲಂಬೊದಿಂದ ಗಾಲೆಗೆ ದಕ್ಷಿಣದ ಎಕ್ಸ್‌ಪ್ರೆಸ್‌ವೇ ಇದೆ, ಬೇಗ ತಲುಪಿಸುತ್ತದೆ, ಆದರೆ ಒಳನಾಡಿನಲ್ಲಿ ಹಾಯುವುದರಿಂದ ಸಮುದ್ರ ಕಾಣುವುದಿಲ್ಲ. ಹೋಗುವಾಗಲಾದರೂ ಕೊಲಂಬೊ ಫೋರ್ಟ್ ನಿಲ್ದಾಣದಿಂದ ರೈಲು ಹಿಡಿಯಿರಿ, ಬಲಬದಿಯ ಕಿಟಕಿ ಹಿಡಿಯಿರಿ. ಎಷ್ಟೋ ಕಡೆ ಹಳಿಗೂ ಅಲೆಗೂ ನಡುವೆ ಒಂದು ಸಾಲು ಬಂಡೆಗಳು ಬಿಟ್ಟರೆ ಮತ್ತೇನೂ ಇಲ್ಲ. ಉಪ್ಪುಗಾಳಿ ನೇರ ಮುಖಕ್ಕೆ ಬರುತ್ತದೆ. ಎರಡೂವರೆ ಮೂರು ಗಂಟೆಯ ಆ ಪಯಣ ಇಡೀ ಪ್ರವಾಸದ ಅತ್ಯುತ್ತಮ ಭಾಗ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಅದೇ ಹಳಿಯ ಮೇಲೆ, ಹಿಕ್ಕಡುವ ಬರುವುದಕ್ಕೆ ಸ್ವಲ್ಪ ಮುಂಚೆ, ಪೆರಲಿಯ ಎಂಬ ಊರು ಹಾಯುತ್ತದೆ. 2004ರ ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿಯ ಮೊದಲ ಅಲೆ ಇಲ್ಲಿ ರೈಲೊಂದನ್ನು ತಡೆದು ನಿಲ್ಲಿಸಿತು. ಊರಿನ ಜನ ಬೋಗಿಗಳೇ ಭದ್ರವೆಂದು ನಂಬಿ ಒಳಗೆ ಹತ್ತಿದರು, ಕೆಲವರು ಅದರ ಮರೆಯಲ್ಲಿ ನಿಂತರು. ನಂತರ ಬಂದ ದೊಡ್ಡ ಅಲೆ ರೈಲನ್ನೇ ಕೊಚ್ಚಿಕೊಂಡು ಹೋಯಿತು. ಸಾವಿರಕ್ಕೂ ಹೆಚ್ಚು ಜೀವ ಹೋಯಿತು. ಅಲ್ಲಿ ಸ್ಮಾರಕವಿದೆ, ಎತ್ತರದ ಬುದ್ಧನ ಪ್ರತಿಮೆ ಇದೆ, ಹತ್ತಿರದ ತೆಲ್ವತ್ತದಲ್ಲಿ ಸುನಾಮಿಯ ಚಿತ್ರಗಳನ್ನು ಕಾಪಾಡಿಟ್ಟ ಪುಟ್ಟ ಸಂಗ್ರಹಾಲಯವಿದೆ. ಮಕ್ಕಳಿಗೆ ಕಷ್ಟವಾದೀತೆಂದು ಬಿಟ್ಟು ಮುಂದೆ ಹೋಗಬೇಡಿ. ಸಮುದ್ರ ಇದ್ದಕ್ಕಿದ್ದಂತೆ ಹಿಂದೆ ಸರಿದು ತಳ ಕಾಣಿಸಿದರೆ ನೋಡುತ್ತ ನಿಲ್ಲದೆ ಎತ್ತರದ ಜಾಗಕ್ಕೆ ಓಡಬೇಕು ಎಂಬ ಪಾಠ ನನ್ನ ಮಕ್ಕಳ ಮನಸ್ಸಿಗಿಳಿದದ್ದು ಅಲ್ಲಿಯೇ.

ಗಾಲೆ ನಮಗೆ ಕ್ರಿಕೆಟ್‌ನಿಂದ ಪರಿಚಿತ. ಟಿವಿಯಲ್ಲಿ ಮೈದಾನದ ಹಿಂದೆ ಕಾಣುವ ಗೋಡೆ ಆ ಊರಿನ ಕೋಟೆಯದೇ. ಪೋರ್ಚುಗೀಸರು ಶುರು ಮಾಡಿದ್ದನ್ನು 1640ರಲ್ಲಿ ಡಚ್ಚರು ಕಿತ್ತುಕೊಂಡು ಈಗಿನ ರೂಪಕ್ಕೆ ಬೆಳೆಸಿದರು. 1988ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಸುನಾಮಿಯ ದಿನ ಹೊರಗಿನ ಬಸ್ ನಿಲ್ದಾಣ, ಮೈದಾನ ಎಲ್ಲ ಮುಳುಗಿದರೂ ಈ ಗೋಡೆಗಳು ಒಳಗಿನ ಹಳೆಯ ಊರನ್ನು ಬಹುಮಟ್ಟಿಗೆ ಕಾಪಾಡಿದವು. ಒಳಗೆ ಇಂದಿಗೂ ಸಂಸಾರಗಳು ಬಾಳುತ್ತಿವೆ, ಶಾಲೆ ಇದೆ, ನ್ಯಾಯಾಲಯವಿದೆ, ದೀಪಸ್ತಂಭದ ಎದುರು ಮಸೀದಿ ಇದೆ. ಒಂದು ರಾತ್ರಿಯಾದರೂ ಕೋಟೆಯ ಒಳಗೇ ಉಳಿಯಿರಿ. ಹಗಲಿನ ವ್ಯಾನುಗಳು ಹಿಂದಿರುಗಿದ ಮೇಲೆ ಗೋಡೆಯ ಮೇಲೆ ನಡೆಯುವ ಸುಖ ಬೇರೆ. ಪಕ್ಕದ ಉನವಟುನದಲ್ಲಿ ರುಮಸ್ಸಲ ಎಂಬ ಗುಡ್ಡವಿದೆ. ಹನುಮಂತ ಸಂಜೀವಿನಿ ಬೆಟ್ಟ ಹೊತ್ತು ಬರುವಾಗ ಉದುರಿದ ಚೂರು ಅದು ಎಂಬುದು ಸ್ಥಳೀಯರ ನಂಬಿಕೆ. ನಮ್ಮ ಅತ್ತೆಗೆ ಕೋಟೆಗಿಂತ ಅದೇ ಹೆಚ್ಚು ಇಷ್ಟವಾಯಿತು.

ಮಿರಿಸ್ಸಾದಿಂದ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ನೀಲಿ ತಿಮಿಂಗಿಲ ನೋಡಲು ದೋಣಿಗಳು ಹೊರಡುತ್ತವೆ. ಭೂಮಿಯ ಮೇಲೆ ಬದುಕಿದ ಪ್ರಾಣಿಗಳಲ್ಲೆಲ್ಲ ದೊಡ್ಡದೆಂದು ಗೊತ್ತಿರುವ ಜೀವಿ ತೀರದಿಂದ ಇಷ್ಟು ಹತ್ತಿರ ಬರುವ ಜಾಗಗಳು ಕಡಿಮೆ. ಆದರೆ ಅದೇ ನೀರಿನಲ್ಲಿ, ದೊಂಡ್ರ ಭೂಶಿರದ ಬಳಿ, ಜಗತ್ತಿನ ಅತ್ಯಂತ ದಟ್ಟಣೆಯ ಹಡಗುಮಾರ್ಗಗಳಲ್ಲೊಂದು ಹಾಯುತ್ತದೆ. ಹಡಗುಗಳ ಢಿಕ್ಕಿಗೆ ತಿಮಿಂಗಿಲಗಳು ಸಾಯುತ್ತಿವೆ. ಅದರ ಮೇಲೆ ಪ್ರವಾಸಿ ದೋಣಿಗಳೂ ಅಟ್ಟಿಸಿಕೊಂಡು ಹೋದರೆ ಅವಕ್ಕೆ ಉಸಿರಾಡಲು ಮೇಲೆ ಬರುವುದೇ ಕಷ್ಟ. ‘ಎಷ್ಟು ಹತ್ತಿರ ಕರೆದೊಯ್ಯುತ್ತೀರಿ’ ಎಂದು ಕೇಳುವ ಬದಲು ‘ಎಷ್ಟು ದೂರ ನಿಲ್ಲಿಸುತ್ತೀರಿ’ ಎಂದು ಕೇಳಿ ದೋಣಿ ಆರಿಸಿ. ಗಿರಾಕಿ ಕೇಳಿದ್ದನ್ನೇ ದೋಣಿಯವರು ಕೊಡುತ್ತಾರೆ. ಆಮೆಗಳ ವಿಷಯದಲ್ಲೂ ಹೀಗೆಯೇ, ಮುಟ್ಟಿ ಫೋಟೊ ತೆಗೆಯಲು ಬಿಡುವ ಕಡೆ ಹಣ ಕೊಡಬೇಡಿ.

ಇನ್ನು ಬೇಸಿಗೆ ರಜೆಯ ನಮ್ಮಂಥವರ ಮಾತು. ಏಪ್ರಿಲ್ 13 ಮತ್ತು 14 ಸಿಂಹಳ ಹಾಗೂ ತಮಿಳು ಹೊಸ ವರ್ಷ. ಅಂಗಡಿಗಳು ಮುಚ್ಚಿರುತ್ತವೆ, ಕೊಲಂಬೊದಲ್ಲಿರುವವರೆಲ್ಲ ಊರಿಗೆ ಹೊರಡುವುದರಿಂದ ಬಸ್ಸು ರೈಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ವಾರ ಬಿಟ್ಟು ಏಪ್ರಿಲ್ ಕೊನೆ ಅಥವಾ ಮೇನಲ್ಲಿ ಪೂರ್ವ ತೀರಕ್ಕೆ ಹೋಗಿ. ಕೊಲಂಬೊದಿಂದ ತ್ರಿಂಕೋಮಲಿಗೆ ದ್ವೀಪವನ್ನು ಅಡ್ಡ ಹಾಯುವ ಆರೇಳು ಗಂಟೆಯ ರಸ್ತೆ. ನಡುವೆ ದಂಬುಲ್ಲದ ಗುಹಾಲಯ, ಸಿಗಿರಿಯ ಬಂಡೆ ಸಿಗುವುದರಿಂದ ಅಲ್ಲಿ ಒಂದು ರಾತ್ರಿ ತಂಗಿದರೆ ಮಕ್ಕಳಿಗೂ ಹಿರಿಯರಿಗೂ ದಣಿವಾಗದು. ತ್ರಿಂಕೋಮಲಿಯಲ್ಲಿ ಕಡಲಿಗೆ ಚಾಚಿದ ಬಂಡೆಯ ತುದಿಯಲ್ಲಿ ಕೋಣೇಶ್ವರ ದೇವಾಲಯವಿದೆ. ಹಳೆಯ ಗುಡಿಯನ್ನು ಪೋರ್ಚುಗೀಸರು ಹದಿನೇಳನೇ ಶತಮಾನದಲ್ಲಿ ಕೆಡವಿದ್ದರು. ಸಂಜೆಯ ಪೂಜೆಯ ಹೊತ್ತಿಗೆ ಅಲ್ಲಿರಬೇಕು. ಉತ್ತರಕ್ಕೆ ನಿಲಾವೆಲಿಯ ಬಿಳಿ ಮರಳು, ಅಲ್ಲಿಂದ ದೋಣಿಯಲ್ಲಿ ಪಿಜನ್ ಐಲ್ಯಾಂಡ್‌ನ ಹವಳ. ದಕ್ಷಿಣಕ್ಕಿರುವ ಪಾಸಿಕುಡಾದಲ್ಲಿ ಬಹುದೂರದವರೆಗೆ ನೀರು ಸೊಂಟ ಮೀರುವುದಿಲ್ಲ. ಈ ಕಡೆ ತಮಿಳು ನಡೆಯುತ್ತದೆ. ಹೊಸೂರು ರಸ್ತೆಯ ನಮಗೆ ಅಷ್ಟಿಷ್ಟು ತಮಿಳು ಬಂದೇ ಬರುವುದರಿಂದ ಆಟೊದವರ ಜೊತೆ ಮಾತಿಗೆ ತೊಡಕಿಲ್ಲ. ಮೇ ತಿಂಗಳ ಹುಣ್ಣಿಮೆ ವೆಸಾಕ್, ನಮ್ಮ ಬುದ್ಧಪೂರ್ಣಿಮೆ. ಬೀದಿ ಬೀದಿಯಲ್ಲಿ ಕಾಗದದ ಆಕಾಶಬುಟ್ಟಿ ಕಟ್ಟಿ, ದಾರಿಹೋಕರನ್ನು ಕೈಹಿಡಿದು ನಿಲ್ಲಿಸಿ ‘ದನ್ಸಲ್’ಗಳಲ್ಲಿ ಉಚಿತವಾಗಿ ಊಟ, ಪಾನಕ ಕೊಡುತ್ತಾರೆ. ಸಾಲಿನಲ್ಲಿ ನಿಂತು ತಿನ್ನಿ, ಸಂಕೋಚ ಬೇಡ.

ಭಾವನವರ ದಸರಾ ರಜೆಗೆ ಮಾತ್ರ ನಾನು ಶ್ರೀಲಂಕಾ ಹೇಳುವುದಿಲ್ಲ. ಅಕ್ಟೋಬರ್, ನವೆಂಬರ್ ಎರಡು ಮಾರುತಗಳ ನಡುವಿನ ಕಾಲ, ದ್ವೀಪದ ಯಾವ ಮೂಲೆಯಲ್ಲೂ ಗುಡುಗು ಮಳೆ ಬರಬಹುದು, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯುವ ಹೊತ್ತೂ ಅದೇ. ಅವರು ವರ್ಕ್‌ಶಾಪಿನ ಹುಡುಗರಿಗೆ ಜನವರಿಯಲ್ಲಿ ಸಂಕ್ರಾಂತಿಗೆ ಸೇರಿಸಿ ರಜೆ ಕೊಟ್ಟು ತಾವೂ ಆಗ ಹೊರಟರು. ಸ್ವಂತ ಕಾರ್ಖಾನೆ ಇದ್ದವರಿಗೆ ಆ ಅನುಕೂಲವಿದೆ.

ಸಸ್ಯಾಹಾರಿಗಳು ಈ ಭಾಗವನ್ನು ಗಮನವಿಟ್ಟು ಓದಿ. ಅಲ್ಲಿನ ತಿಂಡಿ ನಮಗೆ ಹತ್ತಿರದ್ದು: ಅಪ್ಪ, ಒತ್ತುಶ್ಯಾವಿಗೆ, ತೆಂಗಿನ ರೊಟ್ಟಿ, ಬೇಳೆ. ಆದರೆ ಚಟ್ನಿಯಂಥ ಕಾಯಿಯ ಸಂಬಲ್‌ಗೂ ಈರುಳ್ಳಿಯ ಸಂಬಲ್‌ಗೂ, ಕೆಲವು ಮನೆಗಳಲ್ಲಿ ತರಕಾರಿ ಪಲ್ಯಕ್ಕೂ ‘ಉಂಬಲಕಡ’ ಎಂಬ ಒಣಮೀನಿನ ಚೂರು ಬೀಳುತ್ತದೆ. ರುಚಿಗೆ ಹಾಕುವ ಪದಾರ್ಥವಾದ್ದರಿಂದ ಅದನ್ನು ಮೀನಿನ ಅಡುಗೆಯೆಂದು ಎಷ್ಟೋ ಜನ ಎಣಿಸುವುದೇ ಇಲ್ಲ. ‘ತರಕಾರಿ ಮಾತ್ರ’ ಎಂದರೆ ಸಾಲದು, ಉಂಬಲಕಡವೂ ಬೇಡವೆಂದು ಹೆಸರು ಹಿಡಿದು ಹೇಳಬೇಕು. ಅತ್ತೆ ಇದನ್ನು ಕಲಿತುಕೊಂಡು, ‘ನೀನು ಸುಮ್ಮನಿರಮ್ಮ, ನಾನೇ ಹೇಳ್ತೀನಿ’ ಎಂದು ಪ್ರತಿ ಹೋಟೆಲಿನಲ್ಲೂ ತಾವೇ ಹೇಳುತ್ತಿದ್ದರು. ದಕ್ಷಿಣದ ರಸ್ತೆಬದಿಯಲ್ಲಿ ಮಣ್ಣಿನ ಕುಡಿಕೆಯಲ್ಲಿ ಎಮ್ಮೆಯ ಗಟ್ಟಿ ಮೊಸರು ಮಾರುತ್ತಾರೆ, ಮೇಲೆ ಬೈನೆ ಮರದ ಪಾಕ ಸುರಿದುಕೊಂಡು ತಿನ್ನುವುದು. ಅದೊಂದನ್ನು ತಪ್ಪಿಸಬೇಡಿ.

ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಪ್ರವೇಶ ಪರವಾನಗಿಯ ನಿಯಮ, ಶುಲ್ಕ ಆಗಾಗ ಬದಲಾಗುವುದರಿಂದ ಶ್ರೀಲಂಕಾ ಸರ್ಕಾರದ ಅಧಿಕೃತ ತಾಣದಲ್ಲೇ ನೋಡಿ, ಅಲ್ಲೇ ಅರ್ಜಿ ಹಾಕಿ. 2024ರ ಫೆಬ್ರುವರಿಯಿಂದ ಅಲ್ಲಿ ನಮ್ಮ ಯುಪಿಐ ನಡೆಯುತ್ತದೆ, ಆದರೂ ಎಳನೀರಿನವರಿಗೆ, ಬಸ್ಸಿಗೆ ನಗದು ಬೇಕು. ಪ್ರತಿ ಹುಣ್ಣಿಮೆಯೂ ‘ಪೋಯ’ ರಜಾದಿನ, ಮದ್ಯ ಮಾರುವುದಿಲ್ಲ. ದೇಗುಲದಲ್ಲಿ ಬುದ್ಧನಿಗೆ ಬೆನ್ನು ತೋರಿಸಿ ಸೆಲ್ಫಿ ತೆಗೆಯುವುದು ಅಗೌರವ. ಆಫೀಸಿನ ಲ್ಯಾಪ್‌ಟಾಪ್ ಒಯ್ಯಬೇಡಿ. ಅನುಮತಿಯಿಲ್ಲದೆ ಹೊರದೇಶದಿಂದ ಲಾಗಿನ್ ಆಗುವುದನ್ನು ಬಹಳ ಕಂಪನಿಗಳು ಒಪ್ಪುವುದಿಲ್ಲ, ಆನ್‌ಕಾಲ್ ಪಾಳಿಯನ್ನು ಮೊದಲೇ ಬದಲಿಸಿಕೊಂಡು ಹೊರಡುವುದೇ ನೆಮ್ಮದಿ. ಐದು ದಿನದಲ್ಲಿ ಕ್ಯಾಂಡಿ, ನುವಾರ ಎಲಿಯ, ಬೆಂತೋಟ ಎಲ್ಲ ತೋರಿಸುವ ಪ್ಯಾಕೇಜ್‌ಗಳು ವೈಟ್‌ಫೀಲ್ಡ್‌ನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ಅದರಲ್ಲಿ ಹಗಲೆಲ್ಲ ವ್ಯಾನಿನಲ್ಲೇ ಕಳೆಯುತ್ತದೆ. ವರ್ಷವಿಡೀ ಹೊರವರ್ತುಲ ರಸ್ತೆಯಲ್ಲಿ ಕೂತವರಿಗೆ ರಜೆಯಲ್ಲೂ ಅದೇ ಏಕೆ? ಒಂದೇ ತೀರ, ಹೆಚ್ಚೆಂದರೆ ಎರಡು ಊರು, ಮನೆಯವರೇ ನಡೆಸುವ ಗೆಸ್ಟ್‌ಹೌಸ್. 2019ರ ಈಸ್ಟರ್ ಬಾಂಬ್ ಸ್ಫೋಟ, ಕೋವಿಡ್, 2022ರ ಆರ್ಥಿಕ ಕುಸಿತ ಒಂದರ ಮೇಲೊಂದು ಬಂದು ಬಳಲಿದ ಆ ಕುಟುಂಬಗಳಿಗೆ ನಾವು ಕೊಡುವ ಬಾಡಿಗೆ ನೇರವಾಗಿ ತಲುಪುತ್ತದೆ.

ಕೊನೆಯದು ನೀರಿನ ಭಯ, ಅಥವಾ ಆ ಭಯ ನಮಗಿಲ್ಲದಿರುವುದು. ನಾವು ಬಯಲುಸೀಮೆಯವರು. ಸಮುದ್ರ ಕಂಡೊಡನೆ ಬಟ್ಟೆ ಸಮೇತ ಇಳಿಯುತ್ತೇವೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಹೋದ ಕೋಲಾರ ಜಿಲ್ಲೆಯ ನಾಲ್ವರು ಬಾಲಕಿಯರು ನೀರುಪಾಲಾದರು. ಶ್ರೀಲಂಕಾದ ಅನೇಕ ತೀರಗಳಲ್ಲಿ ಜೀವರಕ್ಷಕರು ಇರುವುದಿಲ್ಲ, ಅಲೆ ಕಡಿಮೆಯಿದ್ದಂತೆ ಕಾಣುವ ಜಾಗದಲ್ಲೇ ಹಿಂದಕ್ಕೆ ಎಳೆಯುವ ಸೆಳೆತ ಇರುತ್ತದೆ. ಅದಕ್ಕೆ ಸಿಕ್ಕಿದರೆ ದಡದ ಕಡೆಗೆ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತ ದಾಟಬೇಕು. ಈಜು ಬಾರದವರು ಮೊಣಕಾಲು ಮಟ್ಟ ಮೀರಬಾರದು, ಇಳಿಯುವ ಮುನ್ನ ಅಲ್ಲಿನ ಮೀನುಗಾರರನ್ನು ಕೇಳಬೇಕು. ವಿಮಾನದ ಟಿಕೆಟ್ ಕಾಯ್ದಿರಿಸುವ ದಿನವೇ ಮಕ್ಕಳನ್ನು ಈಜು ತರಗತಿಗೆ ಸೇರಿಸಿ. ಸಾಧ್ಯವಾದರೆ ನೀವೂ ಸೇರಿ.