ಲಾನ್ ಕಂದಿದರೆ ಮೊದಲು ಗುದ್ದಲಿ

ಕನಕಪುರ ರಸ್ತೆಯ ಫಾರ್ಮ್‌ಹೌಸಿನಲ್ಲಿ ಕೆಲಸ ಸಿಕ್ಕಿತು, ಲಾನೆಲ್ಲ ನನ್ನ ಸುಪರ್ದಿಗೆ ಬಂತು ಅಂದೆಯಲ್ಲ. ಸಂತೋಷ ಕಣಪ್ಪ ಅಳಿಯ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಹುಲ್ಲು ಬೆಳೆಸಿ ಸಂಬಳ ಎಣಿಸುವ ಕಾಲ ಬಂತಲ್ಲ ಅಂತ ನಗು ಬರುತ್ತದೆ, ಆದರೆ ಕೆಲಸ ಕೆಲಸವೇ. ಹಸಿರಿನ ನಡುವೆ ಕಂದು ತೇಪೆ ಕಂಡ ದಿನ ಯಜಮಾನರು ಕೂಗುವುದು ನಿನ್ನನ್ನೇ. ಆಗ ಯೂರಿಯಾ ಚೀಲ ಬಿಚ್ಚಬೇಡ, ಔಷಧಿ ಅಂಗಡಿಗೂ ಓಡಬೇಡ. ಮೊದಲು ಗುದ್ದಲಿ ತಗೊ.

ಅಗೆಯುವ ಮುಂಚೆ ತೇಪೆಯ ಅಂಚು ನೋಡು. ಅಂಚು ನೇರವಾಗಿದ್ದರೆ ಅದು ಮನುಷ್ಯನ ಕೆಲಸ. ಆರತಕ್ಷತೆಗೆ ಹಾಸಿದ ಕಾರ್ಪೆಟ್ಟನ್ನು ಎರಡು ದಿನ ಎತ್ತದೇ ಬಿಟ್ಟಿರುತ್ತಾರೆ, ಸ್ಟೇಜ್ ಹಾಕಿರುತ್ತಾರೆ, ಜನರೇಟರಿನಿಂದ ಡೀಸೆಲ್ ಸೋರಿರುತ್ತದೆ. ನಡು ಸುಟ್ಟು ಸುತ್ತಲೂ ಕಡು ಹಸಿರು ಬಳೆ ಕಂಡರೆ ನಾಯಿ ಉಚ್ಚೆ, ಇಲ್ಲವೇ ಯೂರಿಯಾ ಒಂದೇ ಕಡೆ ಬಿದ್ದಿದೆ. ಎರಡಕ್ಕೂ ನೀರು ಚೆನ್ನಾಗಿ ಹಾಯಿಸಿದರೆ ಸಾಕು. ಮಾವಿನ ಮರದಡಿ ಹುಲ್ಲು ಸೊರಗಿದರೆ ಅದು ರೋಗವಲ್ಲ, ನೆರಳು. ಅಲ್ಲಿ ಹುಲ್ಲು ಬೇಡ ಎಂದು ಹೇಳುವ ಧೈರ್ಯ ಇರಲಿ.

ಅಂಕುಡೊಂಕಾಗಿ ಹರಡುತ್ತಿರುವ ಕಂದು ನಿಜಕ್ಕೂ ಕಾಡುವುದು. ಒಂದು ಹಿಡಿ ಹುಲ್ಲು ಹಿಡಿದು ಎಳೆ. ಚಾಪೆ ಸುತ್ತಿದ ಹಾಗೆ ಎದ್ದು ಬಂದರೆ ಬೇರು ತಿಂದವನು ಕೆಳಗಿದ್ದಾನೆ. ಒಂದು ಚದರ ಅಡಿ ಅಗೆದು ನೋಡು: ಬೆಳ್ಳಗೆ, ಕಂದು ತಲೆ, ಬಾಗಿ ಮುದುಡಿ ಮಲಗಿರುವ ಗೊಣ್ಣೆ ಹುಳ. ಒಂದೆರಡಿದ್ದರೆ ಬಿಡು, ಏಳೆಂಟು ಸಿಕ್ಕರೆ ಲಾನ್ ಉಳಿಯುವುದಿಲ್ಲ. ಗೊರವಂಕ, ಕಾಗೆ ಒಂದೇ ಜಾಗ ಕುಕ್ಕುತ್ತಿದ್ದರೂ, ಕಾಡಂಚಿನ ತೋಟಗಳಲ್ಲಿ ರಾತ್ರಿ ಹಂದಿ ಬಂದು ನೆಲ ಕೆದರಿದ್ದರೂ ಇದೇ ಸುಳಿವು. ತಿಪ್ಪೆಯಲ್ಲಿ ಸಿಗುವ ಹೆಬ್ಬೆರಳು ಗಾತ್ರದ್ದು ಮಾತ್ರ ಬೇರೆ ಜಾತಿ, ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯ ಮರಿ. ಅದನ್ನು ಇದಕ್ಕೆ ಗಂಟು ಹಾಕಬೇಡ.

ಗೊಣ್ಣೆ ಹುಳದ ಲೆಕ್ಕ ಮಳೆಯ ಲೆಕ್ಕ. ಭರಣಿ, ಕೃತ್ತಿಕೆ ಮಳೆ ನೆಲಕ್ಕೆ ಬಿದ್ದ ಸಂಜೆ ದುಂಬಿಗಳು ಎದ್ದು ಬೇವು, ಜಾಲಿಯ ಎಲೆಗೆ ಮುತ್ತುತ್ತವೆ, ಆಮೇಲೆ ಮಣ್ಣಿನಲ್ಲಿ ಮೊಟ್ಟೆ ಇಡುತ್ತವೆ. ಹುಲ್ಲು ಒಣಗಿದ್ದು ನಿನ್ನ ಕಣ್ಣಿಗೆ ಬೀಳುವುದು ಮಘೆ, ಹುಬ್ಬೆ ಮಳೆಯ ಹೊತ್ತಿಗೆ. ಹಾಗಾಗಿ ಆ ಮೊದಲ ಮಳೆಯ ಸಂಜೆಗಳಲ್ಲೇ ಕೊಂಬೆ ಅಲ್ಲಾಡಿಸಿ, ಬಿದ್ದ ದುಂಬಿಗಳನ್ನು ಸೀಮೆಎಣ್ಣೆ ನೀರಿಗೆ ಹಾಕುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಹುಳ ಮರಿಯಾಗಿದ್ದಾಗ ಮೆಟರೈಜಿಯಂ ಶಿಲೀಂಧ್ರದ ಪುಡಿಯನ್ನು ಕಳಿತ ಗೊಬ್ಬರದ ಜೊತೆ ಬೆರೆಸಿ, ಹಸಿ ನೆಲಕ್ಕೆ ಸಂಜೆ ಎರಚು. ಹಸಿ ಸಗಣಿ ಮಾತ್ರ ಹಾಕಬೇಡ, ಗೆದ್ದಲನ್ನು ಕರೆದಂತೆ.

ಎಳೆದರೂ ಬೇರು ಗಟ್ಟಿಯಿದ್ದರೆ ಒಂದು ಕಬ್ಬಿಣದ ಸಲಾಕೆ ಚುಚ್ಚಿ ನೋಡು. ಹಸಿರಿರುವ ಕಡೆ ಇಳಿದು, ಕಂದಿದ ಕಡೆ ನಾಲ್ಕು ಬೆರಳಿಗೇ ಠಣ್ ಎಂದರೆ ಕೆಳಗೆ ಬಂಡೆ. ರಾಮನಗರದಿಂದ ಮಾಗಡಿಯ ಸಾವನದುರ್ಗದವರೆಗೆ ನೆಲವೆಲ್ಲ ಕಲ್ಲು, ಮೇಲೊಂದು ತೆಳು ಕೆಮ್ಮಣ್ಣು. ಬಂಡೆಯಲ್ಲದಿದ್ದರೆ ಮನೆ ಕಟ್ಟಿದವರು ಹೂತು ಹೋದ ಜಲ್ಲಿ, ಸಿಮೆಂಟು. ಅಗೆದು ತೆಗೆದು ಒಂದಡಿ ಮಣ್ಣು ತುಂಬುವವರೆಗೆ ಯಾವ ಗೊಬ್ಬರವೂ ನಾಟುವುದಿಲ್ಲ.

ಬೂಷ್ಟು ರೋಗವನ್ನು ಗುರುತಿಸಲು ಬೆಳಗಿನ ಜಾವ ಏಳಬೇಕು. ತೇಪೆ ದುಂಡಗಿರುತ್ತದೆ, ಇಬ್ಬನಿಯಲ್ಲಿ ಅಂಚಿನುದ್ದಕ್ಕೂ ಸಣ್ಣ ಬಿಳಿ ಎಳೆಗಳು ಕಾಣುತ್ತವೆ, ಬಿಸಿಲೇರಿದರೆ ಮಾಯ. ಸಂಜೆ ನೀರು, ಮಳೆಗಾಲದ ಯೂರಿಯಾ ಇವೆರಡೂ ಅದನ್ನು ಸಾಕುತ್ತವೆ, ಎರಡನ್ನೂ ನಿಲ್ಲಿಸು. ಹಿಪ್ಪುನೇರಳೆಯ ಬೇರು ಕೊಳೆಗೆ ನಾವು ಹಾಕುವ ಟ್ರೈಕೋಡರ್ಮಾವನ್ನೇ ಗೊಬ್ಬರದಲ್ಲಿ ಬೆರೆಸಿ ಕೊಡು.

ನೀರಿನ ಮಾತು ಬಂತು. ಸಾವಿರ ಚದರ ಅಡಿಗೆ ಒಂದಂಗುಲ ನೀರೆಂದರೆ ಸುಮಾರು 2,400 ಲೀಟರ್. ದಿನಾ ಚಿಮುಕಿಸುವ ಬದಲು ವಾರಕ್ಕೆ ಎರಡು ಸಲ ಬೆಳಗ್ಗೆ ಆಳಕ್ಕಿಳಿಯುವಂತೆ ಹಾಯಿಸು. ಏಪ್ರಿಲ್‌ನಲ್ಲಿ ಬೋರ್‌ವೆಲ್ ಬಿಕ್ಕುತ್ತಿದ್ದರೆ ಹುಲ್ಲು ಕಂದಲಿ ಬಿಡು. ಅಲ್ಲಿರುವುದು ಬರ್ಮುಡಾ, ಅಂದರೆ ನಮ್ಮ ಗಣಪತಿಯ ಗರಿಕೆಯೇ ಆಗಿದ್ದರೆ ಮೊದಲ ಹದ ಮಳೆಗೆ ಮತ್ತೆ ಚಿಗುರುತ್ತದೆ. ಯಜಮಾನರಿಗೆ ಇದು ರುಚಿಸುವುದಿಲ್ಲ, ಗೊತ್ತು.

ಇಷ್ಟೆಲ್ಲ ಹೇಳಿದ್ದು ಬೇಲಿಯಾಚೆ ಇರುವ ಹಿಪ್ಪುನೇರಳೆ ತೋಟಕ್ಕಾಗಿ. ಏಷ್ಯಾದಲ್ಲೇ ದೊಡ್ಡದೆನ್ನುವ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ಹೋಗುವುದು ಇಂಥ ತೋಟಗಳ ಸೊಪ್ಪು ತಿಂದ ರೇಷ್ಮೆ ಹುಳದಿಂದ. ಕಾರಣ ತಿಳಿಯದೆ ನೀನು ಲಾನಿಗೆ ಕೀಟನಾಶಕ ಹೊಡೆದರೆ, ಗಾಳಿಗೆ ತೇಲಿದ ಹನಿ ಸೊಪ್ಪಿನ ಮೇಲೆ ಕೂತರೆ, ಆ ಹುಳಗಳು ತಟ್ಟೆಯಲ್ಲೇ ಸಾಯುತ್ತವೆ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳ ತನ್ನ ಜೀವಮಾನದ ಸೊಪ್ಪಿನಲ್ಲಿ ಶೇ 80ರಷ್ಟನ್ನು ಆ ಕೊನೆಯ ದಿನಗಳಲ್ಲೇ ತಿನ್ನುತ್ತದೆ. ರೈತನ ದುಡ್ಡೂ ದುಡಿಮೆಯೂ ಮುಗಿದಿರುವ ಹೊತ್ತು ಅದು. ಔಷಧಿ ಬೇಕೇ ಬೇಕು ಎಂದಾದರೆ ಸಿಂಪಡಿಸಬೇಡ, ಗೊಣ್ಣೆ ಹುಳವಿರುವ ಜಾಗದ ಮಣ್ಣಿಗೆ ಮಾತ್ರ ಕೊಡು. ಅದಕ್ಕೂ ಮೊದಲು ಪಕ್ಕದವರನ್ನು, ಅವರ ರೇಷ್ಮೆ ಹುಳ ಎಷ್ಟನೇ ಜ್ವರದಲ್ಲಿದೆ ಎಂದು ಕೇಳು. ನಾಲ್ಕು ದಾಟಿದ್ದರೆ ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆಗೆ ಏರುವವರೆಗೆ ಒಂದು ವಾರ, ಎಂಟು ದಿನ ತಡಿ. ಯಜಮಾನರು ಅವಸರ ಮಾಡಿದರೆ ಫೋನ್ ನನಗೆ ಕೊಡು, ನಾನು ಮಾತಾಡುತ್ತೇನೆ.