ಮೊದಲು ಬಂಡೆಯ ಬುಡ ನೋಡಿ

ಬಂಡೆ ಹತ್ತುವವರು ಹೊಸ ಜಾಗಕ್ಕೆ ಹೋದ ಕೂಡಲೇ ಕತ್ತೆತ್ತಿ ಮೇಲೆ ನೋಡುತ್ತಾರೆ. ಬಿರುಕು ಎಲ್ಲಿಯವರೆಗೆ ಹೋಗಿದೆ, ಕೈಗೆ ಹಿಡಿತ ಎಲ್ಲೆಲ್ಲಿ ಸಿಗಬಹುದು, ಬೋಲ್ಟ್‌ಗಳು ಎಷ್ಟು ದೂರಕ್ಕೊಂದಿವೆ ಎಂದು. ಮಕ್ಕಳಾಗುವವರೆಗೆ ನಾನೂ ನನ್ನ ಗಂಡನೂ ಹಾಗೇ ನೋಡುತ್ತಿದ್ದೆವು. ಈಗ ಮಗಳಿಗೆ ಎಂಟು ವರ್ಷ, ಮಗನಿಗೆ ನಾಲ್ಕು. ಈಗ ಕಣ್ಣು ಮೊದಲು ಹೋಗುವುದು ನೆಲದ ಕಡೆಗೆ. ಬುಡ ಸಮತಟ್ಟಾಗಿದೆಯೇ, ಹತ್ತು ಹೆಜ್ಜೆ ಆಚೆ ಇನ್ನೊಂದು ಇಳಿಜಾರು ಇದೆಯೇ, ನೆರಳು ಎಷ್ಟು ಹೊತ್ತು ನಿಲ್ಲುತ್ತದೆ, ಪೊದೆಯ ಹಿಂದೆ ಒಡೆದ ಬಾಟಲಿ ಬಿದ್ದಿದೆಯೇ. ಒಂದಿಡೀ ಬೆಳಿಗ್ಗೆಯಲ್ಲಿ ಮಗುವೊಂದು ಬಂಡೆಯ ಮೇಲಿರುವುದು ಅರ್ಧ ಗಂಟೆಯಾದರೆ ಹೆಚ್ಚು. ಮಿಕ್ಕ ಹೊತ್ತೆಲ್ಲ ಅದು ಇರುವುದು ಬುಡದಲ್ಲೇ, ಹಗ್ಗವಿಲ್ಲದೆ.

ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ ಎಂದರೆ ಎಲ್ಲರೂ ಸೂಚಿಸುವುದು ಸಾವನದುರ್ಗವನ್ನು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್, ರಸ್ತೆ ಚೆನ್ನಾಗಿದೆ, ವೀರಭದ್ರಸ್ವಾಮಿ ದೇವಸ್ಥಾನದ ಹತ್ತಿರದವರೆಗೂ ಕಾರು ಹೋಗುತ್ತದೆ. ದೂರದಿಂದ ನೋಡಿದರೆ ಕರಿಗುಡ್ಡ ನುಣ್ಣಗೆ ಮಲಗಿದಂತಿದೆ. "ಇಷ್ಟು ಓರೆಯಾಗಿರೋ ಬಂಡೆ, ಮಕ್ಕಳಿಗೆ ಇದೇ ಸುಲಭ ಅಲ್ವಾ?" ಎಂದು ನಮ್ಮತ್ತೆಯೂ ಕೇಳಿದ್ದರು. ಅಲ್ಲ. ಅಂಥ ಇಳಿಜಾರಿನಲ್ಲಿ ಕೈಗೆ ಹಿಡಿಯಲು ಏನೂ ಇರುವುದಿಲ್ಲ, ಅಂಗಾಲಿನ ಘರ್ಷಣೆಯೊಂದೇ ಆಧಾರ. ಬೋಲ್ಟ್‌ಗಳು ದೂರ ದೂರ. ಜಾರಿದರೆ ಗಾಳಿಯಲ್ಲಿ ತೂಗುವುದಿಲ್ಲ, ಬಂಡೆಗೆ ಉಜ್ಜಿಕೊಂಡೇ ಕೆಳಗೆ ಬರಬೇಕು. ದಾರಿಗಳು ಉದ್ದ, ಒಂದೊಂದು ಹಗ್ಗದಳತೆಯ ಪಿಚ್‌ಗಳು ಒಂದರ ಮೇಲೊಂದು. ಅರ್ಧಕ್ಕೆ ವಾಪಸಾಗುವುದೂ ದೊಡ್ಡ ಕೆಲಸ. ಮೂರನೇ ಪಿಚ್‌ನಲ್ಲಿ ನಾಲ್ಕು ವರ್ಷದವನಿಗೆ ಒಂದಕ್ಕೆ ಬಂದರೆ ಏನು ಮಾಡುವುದು? ದೊಡ್ಡವರಿಗೆ ಹಬ್ಬದಂಥ ಜಾಗ ಅದು, ನಮಗೆ ಸದ್ಯಕ್ಕೆ ಬೇಡ.

ನಮಗೆ ಹೊಂದಿದ್ದು ರಾಮನಗರದ ಸುತ್ತಲಿನ ಗಿಡ್ಡ ಬಂಡೆಗಳು. 'ಶೋಲೆ'ಯಿಂದಾಗಿ ದೇಶಕ್ಕೆಲ್ಲ ಗೊತ್ತಿರುವ ಬೆಟ್ಟಗಳು. ಊರಿನ ಹಳೆಯ ಹೆಸರು ಕ್ಲೋಸ್‌ಪೇಟೆ. ಸುಮಾರು 250 ಕೋಟಿ ವರ್ಷ ಹಳೆಯ ಈ ಕಲ್ಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರಿಟ್ಟಿದ್ದಾರೆ. ಇಲ್ಲಿ ಹತ್ತು ಹನ್ನೆರಡು ಮೀಟರ್ ಎತ್ತರದ, ಹಿಂದಿನಿಂದ ನಡೆದೇ ನೆತ್ತಿ ತಲುಪಬಹುದಾದ ಬಂಡೆಗಳಿವೆ. ಒಬ್ಬರು ಮೇಲೆ ಹೋಗಿ ಆಂಕರ್ ಕಟ್ಟಿ ಹಗ್ಗ ಇಳಿಬಿಟ್ಟರೆ ಟಾಪ್‌ರೋಪ್ ಸಿದ್ಧ. ಪಶ್ಚಿಮಕ್ಕೆ ಮುಖ ಮಾಡಿದ್ದನ್ನೇ ಆರಿಸಿಕೊಳ್ಳುತ್ತೇವೆ, ಹೆಚ್ಚುಕಡಿಮೆ ಮಧ್ಯಾಹ್ನದವರೆಗೆ ಬಿಸಿಲು ತಾಗುವುದಿಲ್ಲ. (ದಾರಿಯಲ್ಲಿ ಬಿಡದಿಯ ತಟ್ಟೆ ಇಡ್ಲಿ ಸಿಗುತ್ತದೆ ಎಂಬುದೂ ಮಕ್ಕಳ ಲೆಕ್ಕದಲ್ಲಿ ಆಯ್ಕೆಯ ದೊಡ್ಡ ಕಾರಣ. ನಾನು ತಕರಾರು ತೆಗೆಯುವುದಿಲ್ಲ.)

ಟಾಪ್‌ರೋಪ್ ಇದ್ದ ಮಾತ್ರಕ್ಕೆ ಬುಡದ ಚಿಂತೆ ತಪ್ಪುವುದಿಲ್ಲ. ಹಗ್ಗ ಹಿಗ್ಗುತ್ತದೆ. ಮೊದಲ ಎರಡು ಮೀಟರ್‌ನಲ್ಲಿ ಮಗು ಕೈಬಿಟ್ಟರೆ ಹಗ್ಗ ಹಿಡಿಯುವಷ್ಟರಲ್ಲಿ ಕಾಲು ನೆಲಕ್ಕೆ ತಾಗಬಹುದು, ಅಲ್ಲಿ ಚೂಪು ಕಲ್ಲಿರಬಾರದು. ಇಳಿಯುವಾಗ ಇದಕ್ಕೆ ತದ್ವಿರುದ್ಧ. ನಮ್ಮ ಮಗ ಎಷ್ಟು ಹಗುರ ಎಂದರೆ, ಕೆಳಗಿನಿಂದ ಹಗ್ಗ ಹಿಡಿಯುವ ಬಿಲೇ ಸಡಿಲಿಸಿದರೂ ಹಗ್ಗದ ಘರ್ಷಣೆಗೇ ನಿಂತುಬಿಡುತ್ತಾನೆ. ಕೆಳಗಿನಿಂದ "ಕಾಲು ಬಂಡೆಗೆ ಊರು, ಹಿಂದಕ್ಕೆ ವಾಲು" ಎಂದು ನಾವು ಕೂಗುತ್ತಿದ್ದರೆ ಅವನು ಎರಡೂ ಕೈ ಚಾಚಿ, ಗಿರಗಿರ ತಿರುಗುತ್ತಾ, "ಅಮ್ಮಾ, ನಾನು ಹದ್ದು!" ಎನ್ನುತ್ತಾನೆ. ಆದ್ದರಿಂದ ಅವನ ಬಂಡೆ ನನ್ನ ಎತ್ತರದ ಎರಡರಷ್ಟಕ್ಕಿಂತ ಹೆಚ್ಚಿರಬಾರದು, ಸಿಕ್ಕಿಕೊಂಡರೆ ಹತ್ತಿ ಇಳಿಸುವಂತಿರಬೇಕು. ಅವನಿಗೆ ಸೊಂಟದ ಹಾರ್ನೆಸ್ ಸಾಲದು. ಆ ವಯಸ್ಸಿನಲ್ಲಿ ಸೊಂಟ ಸಣ್ಣದು, ತಲೆ ಭಾರ, ತಲೆಕೆಳಗಾದರೆ ಜಾರಿಹೋಗಬಹುದು. ಎದೆಯನ್ನೂ ಹಿಡಿಯುವ ಪೂರ್ತಿ ಹಾರ್ನೆಸ್ಸೇ ಬೇಕು.

ರಾಮನಗರದಲ್ಲಿ ನಾನು ನಿಜವಾಗಿ ಹೆದರುವುದು ಹೆಜ್ಜೇನಿಗೆ. ಒಮ್ಮೆ ಹಗ್ಗ ಬಿಚ್ಚುತ್ತಿದ್ದಾಗ ಮೇಕೆ ಮೇಯಿಸುತ್ತಿದ್ದ ಅಜ್ಜ ಬಂದು, "ಅಮ್ಮಾ, ಮಕ್ಕಳ್ನ ಆ ಕಡೆ ಬಿಡಬ್ಯಾಡಿ, ಮೇಲ್ಗಡೆ ಜೇನೈತೆ" ಎಂದರು. ನಾವು ಕತ್ತೆತ್ತಿ ನೋಡಿದರೆ ಚಾಚುಬಂಡೆಯ ಅಡಿಯಲ್ಲಿ ಕಪ್ಪು ಕಲೆಗಳು, ಮಳೆನೀರು ಇಳಿದು ಆದವು. ಅಜ್ಜ ಬೆರಳು ತೋರಿಸಿದ ಕಲೆಯನ್ನೇ ದಿಟ್ಟಿಸಿದಾಗ ಅದರ ಮೈಮೇಲೆ ಅಲೆಯೊಂದು ಹಾದುಹೋಯಿತು. ಸಾವಿರಾರು ಹುಳು ಒಟ್ಟಿಗೆ ಹೊಟ್ಟೆ ಎತ್ತಿ ಇಳಿಸಿದರೆ ಹಾಗೆ ಕಾಣುತ್ತದೆ. ಹಗ್ಗವನ್ನು ಮತ್ತೆ ಚೀಲಕ್ಕೆ ತುಂಬಿದೆವು. ಹೆಜ್ಜೇನು ಎದ್ದರೆ ದೊಡ್ಡವರು ಓಡಬಹುದು, ಹಗ್ಗಕ್ಕೆ ಕಟ್ಟಿಕೊಂಡ ಮಗು ಓಡಲಾರದು. ಅವು ಕಾಲಕ್ಕೆ ತಕ್ಕಂತೆ ವಲಸೆ ಹೋಗುವ ಹುಳುಗಳು, ಹೋದ ತಿಂಗಳು ಖಾಲಿಯಿದ್ದ ಬಂಡೆ ಈ ತಿಂಗಳು ಖಾಲಿ ಇರುತ್ತದೆ ಎನ್ನುವಂತಿಲ್ಲ. ಪ್ರತಿ ಸಲ ಬೈನಾಕ್ಯುಲರ್‌ನಲ್ಲಿ ನೋಡುತ್ತೇವೆ, ಪ್ರತಿ ಸಲ ಊರವರನ್ನು ಕೇಳುತ್ತೇವೆ. ಸೆಂಟು ಹಾಕುವುದಿಲ್ಲ, ಬೆಂಕಿ ಹೊತ್ತಿಸುವುದಿಲ್ಲ. ರಾಮದೇವರ ಬೆಟ್ಟವಂತೂ 2012ರಿಂದ ರಣಹದ್ದುಗಳ ಧಾಮ. ನಮಗೆ ಹತ್ತಲು ಹಿತವಾದ ಚಳಿಗಾಲವೇ ಅವು ಗೂಡಿನಲ್ಲಿ ಮರಿ ಮಾಡುವ ಕಾಲ. ಅತ್ತ ನಾವು ಹಗ್ಗ ಒಯ್ಯುವುದೇ ಇಲ್ಲ. ಉಳಿದ ಕಡೆಯೂ ಅರಣ್ಯ ಇಲಾಖೆಯ ಜಾಗವಾಗಿದ್ದರೆ ಅನುಮತಿ ಕೇಳಿಯೇ ಹೊರಡುತ್ತೇವೆ.

ರಜೆ ಹೆಚ್ಚಿದ್ದರೆ ಬಾದಾಮಿ. ಅಲ್ಲಿನದು ಕೆಂಪು ಮರಳುಗಲ್ಲು, ಪದರ ಪದರವಾಗಿ ಅಡ್ಡಕ್ಕೆ ಸೀಳಿರುವುದರಿಂದ ಪುಟ್ಟ ಬೆರಳುಗಳಿಗೂ ಧಾರಾಳ ಹಿಡಿತ. ಗೋಡೆ ಕಡಿದಾಗಿರುವುದರಿಂದ ಕೈಬಿಟ್ಟರೂ ಮಗು ಬಂಡೆಗೆ ಉಜ್ಜಿಕೊಳ್ಳದೆ ಗಾಳಿಯಲ್ಲಿ ತೂಗುತ್ತದೆ. ಸಾವನದುರ್ಗಕ್ಕಿಂತ ಭಯಂಕರವಾಗಿ ಕಂಡರೂ ಮಕ್ಕಳಿಗೆ ಅದಕ್ಕಿಂತ ಎಷ್ಟೋ ವಾಸಿ. ಆದರೆ ಮಳೆ ಬಂದು ಹೋದ ಮೇಲೆ ಮರಳುಗಲ್ಲನ್ನು ಮುಟ್ಟಬಾರದು. ಒಳಗೆ ನೀರು ಕುಡಿದ ಕಲ್ಲು ಸಡಿಲಾಗಿ ಹಿಡಿತವೇ ಮುರಿದು ಕೈಗೆ ಬರುತ್ತದೆ. ಸ್ಮಾರಕಗಳಿರುವ ಬಂಡೆಗಳನ್ನು ಹತ್ತುವ ಮಾತೇ ಇಲ್ಲ. ಬಿಸಿಲೇರಿದ ಮೇಲೆ ಗುಹೆಗಳು ತಂಪು. 578ರ ಶಾಸನವಿರುವ ಮೂರನೇ ಗುಹೆಯ ಮುಂದೆ ನಾವು ನಿಂತಿದ್ದರೆ ಮಗನ ಗಮನವೆಲ್ಲ ಬಿಸ್ಕತ್ತಿನ ಪೊಟ್ಟಣಕ್ಕೆ ಹೊಂಚುಹಾಕಿದ್ದ ಮಂಗನ ಮೇಲೆ. ಅವನ ಎಚ್ಚರವೇ ಸರಿಯಾಗಿತ್ತು.

ಹಂಪಿ, ಆನೆಗುಂದಿ, ಸಣಾಪುರದ ಕಡೆಯ ಗುಂಡುಗಳ ಬಗ್ಗೆ ನನಗೆ ಎರಡು ಮನಸ್ಸು. ಹಗ್ಗ ಬೇಡ, ಹತ್ತು ಅಡಿಯ ಕಲ್ಲಿಗೂ ಮಕ್ಕಳು ಕುಣಿಯುತ್ತಾರೆ. ಆದರೆ ಗುಂಡುಗಳ ನಡುವಿನ ಸಂದಿಗಳಲ್ಲಿ ಚೇಳಿರಬಹುದು, ಹಾವಿರಬಹುದು. ಬಿದ್ದರೆ ಪೆಟ್ಟಾಗದಂತೆ ಕ್ರ್ಯಾಶ್ ಪ್ಯಾಡ್ ಹಾಸಲು ಸಮತಟ್ಟು ಜಾಗ ಸಿಗುವುದು ಅಪರೂಪ. ಒಂದು ಉಪಕಾರ ಮಾತ್ರ ಹಂಪಿಯಿಂದ ಆಗಿದೆ. ಬಿಸಿಲಿಗೆ ಕಾದು ಆರಿ, ಆರಿ ಕಾದು ಅಲ್ಲಿನ ಗ್ರಾನೈಟ್ ಹೊರಮೈಯಿಂದ ಪೊರೆ ಬಿಡುತ್ತದೆ. ಮಗಳು ಈಗ ಯಾವುದೇ ಹಿಡಿತಕ್ಕೆ ಭಾರ ಹಾಕುವ ಮೊದಲು ಗೆಣ್ಣಿನಿಂದ ಬಡಿದು, ಕಿವಿ ಹತ್ತಿರ ತಂದು ಕೇಳುತ್ತಾಳೆ, ಅವಳಜ್ಜ ಹಲಸಿನ ಹಣ್ಣು ಬಡಿದು ನೋಡುವಂತೆ. ಗಟ್ಟಿ ಕಲ್ಲು ಸದ್ದೇ ಮಾಡುವುದಿಲ್ಲ, ಬಿಟ್ಟುಕೊಂಡಿರುವ ಪೊರೆ ಡಬ್ ಎನ್ನುತ್ತದೆ. "ಇದು ಡಬ್ಬ" ಎಂದು ಪಕ್ಕಕ್ಕೆ ಕೈ ಚಾಚುತ್ತಾಳೆ.

ಇನ್ನು ನಡಿಗೆ. ಮಗನ ಕಾಲಿನಲ್ಲಿ ಇಪ್ಪತ್ತು ನಿಮಿಷ ಮೀರಿದರೆ ಯಾರಾದರೂ ಅವನನ್ನು ಹೊರಬೇಕು, ಆಗ ಹಗ್ಗ ಹೊರುವವರಿಲ್ಲ. ಜನದ ಲೆಕ್ಕವೂ ಜಾಗದಷ್ಟೇ ಮುಖ್ಯ. ಬಿಲೇ ಹಿಡಿದವರ ಕಣ್ಣು ಹತ್ತುತ್ತಿರುವ ಮಗುವಿನ ಮೇಲೆ ಮಾತ್ರ ಇರಬೇಕು, ಕೆಳಗಿರುವ ಮಗುವಿಗೆ ಬೇರೆಯೇ ಒಬ್ಬರು ಬೇಕು, ಸಿಕ್ಕಿಕೊಂಡ ಮಗುವನ್ನು ಹತ್ತಿ ಇಳಿಸಲು ಮತ್ತೊಬ್ಬರು. ಕೆಳಗಿರುವವರು ಹತ್ತುವವರ ನೇರ ಅಡಿಯಲ್ಲಿ ಕೂರಬಾರದು, ಕೂತವರೂ ಹೆಲ್ಮೆಟ್ ತೆಗೆಯಬಾರದು. ಹೀಗೆ ನೋಡಿಕೊಳ್ಳಲು ನಾವಿಬ್ಬರೇ ಸಾಲುವುದಿಲ್ಲವಾದ್ದರಿಂದ ನನ್ನ ತಮ್ಮ ಬಿಡುವಾಗಿರುವ ಭಾನುವಾರಗಳಲ್ಲಷ್ಟೇ ಹೊರಡುತ್ತೇವೆ. ಅವನಿಗೆ ಬಿಡುವಿಲ್ಲದಿದ್ದರೆ ಕಂಠೀರವ ಕ್ರೀಡಾಂಗಣದ ಕೃತಕ ಗೋಡೆಯೇ ಗತಿ.

ಮಗಳದು ಈಗ ಒಂದೇ ವರಾತ, ಸಾವನದುರ್ಗಕ್ಕೆ ಯಾವಾಗ? ಎರಡು ಶರತ್ತು ಹಾಕಿದ್ದೇನೆ. ಗಂಟನ್ನು ತಾನೇ ಕಟ್ಟಿ, ತಾನೇ ಪರೀಕ್ಷಿಸಿ ನನಗೆ ತೋರಿಸಬೇಕು. ಅರ್ಧ ದಾರಿಯಲ್ಲಿ ನಾನು "ಸಾಕು, ಇಳಿಯೋಣ" ಎಂದರೆ ಮುಖ ಊದಿಸಿಕೊಳ್ಳಬಾರದು. ಗಂಟು ಚೆನ್ನಾಗಿಯೇ ಬಂದಿದೆ.